ಯಾರ ಸಾವಿಗೆ ಸ್ಮಾರಕ? ಐರ್ಲೆಂಡ್‌ನ ನೂರು ವರ್ಷದ ಜಗಳ

1916ರ ಏಪ್ರಿಲ್ 24, ಈಸ್ಟರ್ ಸೋಮವಾರ. ಬ್ರಿಟಿಷ್ ಆಳ್ವಿಕೆಯ ವಿರುದ್ಧ ಎದ್ದು ಡಬ್ಲಿನ್‌ನ ಪ್ರಧಾನ ಅಂಚೆ ಕಚೇರಿಯನ್ನು ಹಿಡಿದ ಬಂಡುಕೋರರು ಐರಿಷ್ ಗಣರಾಜ್ಯವನ್ನು ಘೋಷಿಸಿದರು. ಅದೇ ವಾರ ಫ್ರಾನ್ಸಿನ ಹುಲ್ಲುಕ್ ಬಳಿಯ ಕಂದಕಗಳಲ್ಲಿ, ಬ್ರಿಟಿಷ್ ಸೇನೆಯ 16ನೇ ಐರಿಷ್ ಡಿವಿಷನ್ನಿನ ಐನೂರಕ್ಕೂ ಹೆಚ್ಚು ಸೈನಿಕರು ಜರ್ಮನ್ನರ ವಿಷಾನಿಲ ದಾಳಿಯಲ್ಲಿ ಸತ್ತರು. ಡಬ್ಲಿನ್‌ನಲ್ಲಿ ಸತ್ತವರೂ ಹೆಚ್ಚುಕಡಿಮೆ ಅಷ್ಟೇ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಸಾಮಾನ್ಯರು. ಡಬ್ಲಿನ್ ದಂಗೆ ರಾಷ್ಟ್ರದ ಹುಟ್ಟಿನ ಕಥೆಯಾಯಿತು. ಹುಲ್ಲುಕ್‌ನ ಹೆಸರನ್ನು ಪಠ್ಯಪುಸ್ತಕವಿರಲಿ, ಸತ್ತವರ ಮನೆಗಳಲ್ಲೂ ಎತ್ತುವುದು ಕಷ್ಟವಾಯಿತು.

ಆ ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸಮವಸ್ತ್ರ ತೊಟ್ಟ ಐರಿಷರು ಸುಮಾರು ಎರಡು ಲಕ್ಷ. ಐರ್ಲೆಂಡ್‌ನಲ್ಲಿ ಕಡ್ಡಾಯ ಸೇನಾ ಭರ್ತಿ ಜಾರಿಗೆ ಬರಲೇ ಇಲ್ಲ. ಇವರೆಲ್ಲ ತಾವಾಗಿಯೇ ಸೇರಿದವರು. ಕೆಲವರಿಗೆ ಸಂಬಳದ ಅನಿವಾರ್ಯ. ಸ್ವಯಮಾಡಳಿತದ ಕಾನೂನಿಗೆ 1914ರಲ್ಲಿ ಒಪ್ಪಿಗೆ ಸಿಕ್ಕರೂ ಯುದ್ಧದ ನೆಪದಲ್ಲಿ ಅದನ್ನು ತಡೆಹಿಡಿಯಲಾಗಿತ್ತು. ಈಗ ಬ್ರಿಟನ್ನಿಗೆ ನೆರವಾದರೆ ಮುಂದೆ ಅದು ಕೈಗೆ ಬರುತ್ತದೆ ಎಂದು ನಾಯಕ ಜಾನ್ ರೆಡ್ಮಂಡ್ ನಂಬಿದರು. ಅವರ ಮಾತು ನಂಬಿ ಹಲವರು ಹೋದರು. ಉತ್ತರದ ಅಲ್‌ಸ್ಟರ್ ಪ್ರಾಂತ್ಯದ ಪ್ರೊಟೆಸ್ಟೆಂಟರು ಹೋದದ್ದು ನೇರ ವಿರುದ್ಧ ಕಾರಣಕ್ಕೆ, ಬ್ರಿಟನ್ನಿನ ನಂಟು ಉಳಿಸಿಕೊಳ್ಳಲು. 1917ರ ಜೂನ್‌ನಲ್ಲಿ ಬೆಲ್ಜಿಯಂನ ಮೆಸೀನ್‌ನಲ್ಲಿ ಈ ಎರಡೂ ಪಂಗಡಗಳು ಅಕ್ಕಪಕ್ಕದಲ್ಲಿ ನಿಂತು ಹೋರಾಡಿದವು. ರೆಡ್ಮಂಡರ ತಮ್ಮ, ಸಂಸದ ವಿಲಿ ರೆಡ್ಮಂಡ್ ಸತ್ತದ್ದು ಅಲ್ಲೇ.

ಅಷ್ಟರಲ್ಲಿ ಊರಿನ ಗಾಳಿ ತಿರುಗಿತ್ತು. ದಂಗೆಯ ನಾಯಕರನ್ನು 1916ರ ಮೇ ತಿಂಗಳಲ್ಲಿ ಒಬ್ಬೊಬ್ಬರಾಗಿ ಗುಂಡಿಟ್ಟು ಕೊಂದ ಬ್ರಿಟಿಷರೇ ಅದನ್ನು ತಿರುಗಿಸಿದವರು. 1918ರ ಡಿಸೆಂಬರ್ ಚುನಾವಣೆಯಲ್ಲಿ ಐರ್ಲೆಂಡಿನ 105 ಸ್ಥಾನಗಳ ಪೈಕಿ 73 ಸ್ವತಂತ್ರ ಗಣರಾಜ್ಯ ಬಯಸಿದ ಸಿನ್ ಫೇನ್ ಪಕ್ಷದ ಪಾಲಾದವು. ಯುದ್ಧ ಮುಗಿಸಿ ಮನೆಗೆ ಬಂದ ಸೈನಿಕ ಎಷ್ಟೋ ಕಡೆ ಅನುಮಾನದ ಮನುಷ್ಯನಾದ.

ಈ ಇಕ್ಕಟ್ಟು ತೀರ ಬಿಗಿಯಾದದ್ದು ನಮ್ಮ ನೆಲದಲ್ಲಿ. ಪಂಜಾಬಿನ ಜಲಂಧರ್‌ನಲ್ಲಿದ್ದ ಕನಾಟ್ ರೇಂಜರ್ಸ್ ಪಡೆಯ ಐರಿಷ್ ಸೈನಿಕರಿಗೆ, ತಮ್ಮೂರುಗಳಲ್ಲಿ ಬ್ರಿಟಿಷ್ ಪಡೆಗಳು ನಡೆಸುತ್ತಿದ್ದ ದೌರ್ಜನ್ಯದ ಸುದ್ದಿ ತಲುಪಿತು. 1920ರ ಜೂನ್ 28ರಂದು ಅವರು ಸೇವೆ ಮಾಡಲು ನಿರಾಕರಿಸಿದರು. ಬಂಡಾಯ ಸೋಲನ್‌ಗೂ ಹಬ್ಬಿತು. ಅಲ್ಲಿ ಶಸ್ತ್ರಾಗಾರಕ್ಕೆ ನುಗ್ಗುವ ಯತ್ನದಲ್ಲಿ ಇಬ್ಬರು ಸತ್ತರು. ಮುಂದಾಳು ಜೇಮ್ಸ್ ಡೇಲಿಯನ್ನು ನವೆಂಬರ್ 2ರಂದು ದಗ್ಶಾಯಿ ಸೆರೆಮನೆಯಲ್ಲಿ ಗುಂಡಿಟ್ಟು ಕೊಂದರು. ಹಿಂದಿನ ವರ್ಷ ಜಲಿಯನ್‌ವಾಲಾ ಬಾಗ್‌ನಲ್ಲಿ ಗುಂಡು ಹಾರಿಸಲು ಆಜ್ಞೆ ಕೊಟ್ಟ ಡೈಯರ್‌ನ ಬ್ರಿಗೇಡಿನ ನೆಲೆ ಇದೇ ಜಲಂಧರ್. ಆ ಹತ್ಯೆಯನ್ನು ಸಮರ್ಥಿಸಿಕೊಂಡ ಪಂಜಾಬಿನ ಲೆಫ್ಟಿನೆಂಟ್ ಗವರ್ನರ್ ಮೈಕಲ್ ಓಡ್ವಯರ್ ಐರ್ಲೆಂಡಿನ ಟಿಪ್ಪರರಿಯವನು. ಸಾಮ್ರಾಜ್ಯದ ಬಂದೂಕಿನ ಎರಡೂ ತುದಿಗಳಲ್ಲಿ ಐರಿಷರಿದ್ದರು. ಐರ್ಲೆಂಡನ್ನು ಬರೀ ಬಲಿಪಶುವೆಂದು ನೋಡುವ ಭಾರತೀಯರು ಇದನ್ನು ಮರೆಯಬಾರದು. ಡೇಲಿಯ ಅಸ್ಥಿ 1970ರಲ್ಲಿ ತಾಯ್ನಾಡಿಗೆ ಮರಳಿತು.

ಫ್ರಾನ್ಸಿನಲ್ಲಿ ಸತ್ತವರಿಗೆ ಆ ಗೌರವ ಸುಲಭವಾಗಿ ದಕ್ಕಲಿಲ್ಲ. ದೆಹಲಿಯ ಇಂಡಿಯಾ ಗೇಟ್ ವಿನ್ಯಾಸಗೊಳಿಸಿದ ಎಡ್ವಿನ್ ಲ್ಯೂಟೆನ್ಸ್ ಡಬ್ಲಿನ್‌ನ ಐಲೆಂಡ್‌ಬ್ರಿಡ್ಜ್‌ನಲ್ಲಿ ಅವರಿಗಾಗಿ ಸ್ಮಾರಕ ಉದ್ಯಾನ ರೂಪಿಸಿದರು. 1930ರ ದಶಕದ ಕೊನೆಗೆ ಅದು ಸಿದ್ಧವಾಯಿತು, ಆದರೆ ವಿಧಿವತ್ತಾಗಿ ತೆರೆದದ್ದು 1988ರಲ್ಲಿ. ನಡುವೆ ಅದು ಪಾಳುಬಿದ್ದಿತ್ತು. ತೆರೆಯುವ ಹಿಂದಿನ ವರ್ಷವಷ್ಟೇ, ಬ್ರಿಟನ್ನಿನ ಭಾಗವಾಗಿಯೇ ಉಳಿದ ಉತ್ತರ ಐರ್ಲೆಂಡಿನ ಎನಿಸ್ಕಿಲನ್‌ನಲ್ಲಿ ಯುದ್ಧಸ್ಮರಣೆಗೆ ಸೇರಿದವರ ಮೇಲೆ, ಬ್ರಿಟಿಷ್ ಆಳ್ವಿಕೆಯ ವಿರುದ್ಧ ಹೋರಾಡುತ್ತಿದ್ದ ಸಶಸ್ತ್ರ ಸಂಘಟನೆ ಐಆರ್‌ಎ ಬಾಂಬ್ ಸ್ಫೋಟಿಸಿ ಹನ್ನೊಂದು ಜನರನ್ನು ಕೊಂದಿತ್ತು. 1998ರ ಏಪ್ರಿಲ್‌ನಲ್ಲಿ ಉತ್ತರ ಐರ್ಲೆಂಡಿನ ಶಾಂತಿಗಾಗಿ ಗುಡ್ ಫ್ರೈಡೇ ಒಪ್ಪಂದವಾಯಿತು. ಅದೇ ನವೆಂಬರ್ 11ರಂದು ಮೆಸೀನ್‌ನಲ್ಲಿ ಐರಿಷ್ ಅಧ್ಯಕ್ಷೆ ಮೇರಿ ಮ್ಯಾಕಲೀಸ್, ರಾಣಿ ಎರಡನೇ ಎಲಿಜಬೆತ್ ಒಟ್ಟಿಗೆ ನಿಂತು ಶಾಂತಿ ಉದ್ಯಾನವನ್ನು ತೆರೆದರು. ಈ ನೆನಪು ಬಹಳ ತಡವಾಗಿ ಬಂತು. ಸತ್ತ ಹುಡುಗರು ದ್ರೋಹಿಗಳಾಗಿರಲಿಲ್ಲ.

ಎರಡನೇ ಮಹಾಯುದ್ಧದಲ್ಲಿ ತಟಸ್ಥ ಐರ್ಲೆಂಡಿನ ಸೇನೆ ತೊರೆದು ಹಿಟ್ಲರನ ವಿರುದ್ಧ ಹೋರಾಡಲು ಬ್ರಿಟಿಷರ ಪಡೆ ಸೇರಿದವರನ್ನು 1945ರಲ್ಲಿ ಸರ್ಕಾರಿ ಕೆಲಸಗಳಿಂದ ದೂರವಿಡಲಾಯಿತು. ಕ್ಷಮೆ ಸಿಕ್ಕಿದ್ದು 2013ರಲ್ಲಿ. ಉತ್ತರ ಐರ್ಲೆಂಡಿನ ಡೆರಿ ನಗರದಲ್ಲಿ ಮಾತ್ರ ಲೆಕ್ಕ ಬೇರೆ. 1972ರ ಜನವರಿ 30ರಂದು ಬ್ರಿಟಿಷ್ ಪ್ಯಾರಾಚೂಟ್ ಪಡೆ ಅಲ್ಲಿ ನಿರಾಯುಧ ಮೆರವಣಿಗೆಯ ಮೇಲೆ ಗುಂಡು ಹಾರಿಸಿ ಹದಿಮೂರು ಜನರನ್ನು ಸ್ಥಳದಲ್ಲೇ ಕೊಂದಿತು. ಯುದ್ಧದಲ್ಲಿ ಮಡಿದ ಬ್ರಿಟಿಷ್ ಸೈನಿಕರ ನೆನಪಿಗೆ ತೊಡುವ ಕೆಂಪು ಗಸಗಸೆ ಹೂವನ್ನು, ಆ ಊರಿನ ಫುಟ್‌ಬಾಲ್ ಆಟಗಾರ ಜೇಮ್ಸ್ ಮ್ಯಾಕ್ಲೀನ್ ಇಂಗ್ಲೆಂಡಿನ ಕ್ಲಬ್‌ಗಳಲ್ಲಿ ಆಡುವಾಗಲೂ ಧರಿಸಲು ಒಪ್ಪಲಿಲ್ಲ.