ನಟರು ಉಳಿದರು, ಬರೆಯುವ ಕೈ ಬದಲಾಗುತ್ತಲೇ ಹೋಯಿತು

1956ರ ಏಪ್ರಿಲ್ 2ರಂದು ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ‘ಆ್ಯಸ್ ದ ವರ್ಲ್ಡ್ ಟರ್ನ್ಸ್’ ಧಾರಾವಾಹಿ ಶುರುವಾದಾಗ ಮೊದಲ ಮಾತಾಡಿದವರು ನಟಿ ಹೆಲೆನ್ ವ್ಯಾಗ್ನರ್. ಪಾತ್ರದ ಹೆಸರು ನ್ಯಾನ್ಸಿ ಹ್ಯೂಸ್. ನಡುವೆ ಕೆಲವು ಸಲ ಬಿಟ್ಟುಹೋದರೂ ಮತ್ತೆ ಅದೇ ಪಾತ್ರಕ್ಕೆ ಮರಳಿದ ಅವರು 2010ರಲ್ಲಿ ತೀರಿಕೊಳ್ಳುವವರೆಗೂ ನ್ಯಾನ್ಸಿಯಾಗಿಯೇ ಇದ್ದರು. ಅಷ್ಟು ಕಾಲದಲ್ಲಿ ಆ ಧಾರಾವಾಹಿಯ ಮುಖ್ಯ ಬರಹಗಾರರು ಎಷ್ಟೋ ಸಲ ಬದಲಾದರು. ನ್ಯಾನ್ಸಿ ಯಾವುದಕ್ಕೆ ಸಿಟ್ಟಾಗುತ್ತಾಳೆ, ಯಾವ ಮಾತನ್ನು ನುಂಗಿಕೊಳ್ಳುತ್ತಾಳೆ, ಹಿಂದೆ ಯಾರನ್ನು ಕ್ಷಮಿಸಿದ್ದಾಳೆ ಎಂಬುದೆಲ್ಲ ಮೊದಲಿನಿಂದ ಗೊತ್ತಿದ್ದದ್ದು ಅವಳನ್ನು ಅಭಿನಯಿಸುತ್ತಿದ್ದ ಹೆಂಗಸಿಗೆ ಮಾತ್ರ.

‘ಎಂಥ ಒಳ್ಳೆಯ ನಟರು, ಎಂಥ ಕಳಪೆ ಕಥೆ!’ ದಿನವಹಿ ಧಾರಾವಾಹಿ ನೋಡುವವರೆಲ್ಲ ಒಂದಲ್ಲ ಒಂದು ದಿನ ಹೀಗೆ ಹಲುಬಿದವರೇ. ತಪ್ಪನ್ನು ಸಾಮಾನ್ಯವಾಗಿ ಬರಹಗಾರರ ತಲೆಗೆ ಕಟ್ಟುತ್ತೇವೆ: ಬರೆಯಲು ಬಾರದವರು, ನೋಡುಗರನ್ನು ದಡ್ಡರೆಂದುಕೊಂಡವರು. ಧಾರಾವಾಹಿ ಎಂಬ ಈ ಪ್ರಕಾರ ಹುಟ್ಟಿದ ಅಮೆರಿಕದಲ್ಲಿ ಅದು ಬೆಳೆದ ಬಗೆಯನ್ನು ನೋಡಿದರೆ ಕಾರಣ ಬೇರೆಯೇ ಇದೆ ಅನ್ನಿಸುತ್ತದೆ. ಪಾತ್ರ ದಶಕಗಟ್ಟಲೆ ಒಬ್ಬರ ಮೈಯಲ್ಲೇ ಉಳಿಯಿತು. ಅದನ್ನು ಬರೆಯುವ ಕೆಲಸ ಮಾತ್ರ ಕೈಯಿಂದ ಕೈಗೆ ದಾಟಿ, ತುಂಡುತುಂಡಾಗಿ, ಕೊನೆಗೆ ಯಾರಿಗೂ ಸೇರದ್ದಾಯಿತು.

ಆರಂಭದಲ್ಲಿ ಹೀಗಿರಲಿಲ್ಲ. 1930ರಲ್ಲಿ ಶಿಕಾಗೊದ ಡಬ್ಲ್ಯುಜಿಎನ್ ರೇಡಿಯೊ ಕೇಂದ್ರಕ್ಕಾಗಿ ಅರ್ನಾ ಫಿಲಿಪ್ಸ್ ‘ಪೇಂಟೆಡ್ ಡ್ರೀಮ್ಸ್’ ಬರೆದರು. ಕಂತು ಕೇವಲ 15 ನಿಮಿಷದ್ದು. ಬರೆದವರೂ ಅವರೇ, ಒಂದು ಪಾತ್ರಕ್ಕೆ ದನಿ ಕೊಟ್ಟವರೂ ಅವರೇ. ಮುಂದೆ ಒಟ್ಟೊಟ್ಟಿಗೆ ಹಲವು ಧಾರಾವಾಹಿ ನಡೆಸುವಾಗಲೂ ಅವರು ಪ್ರತಿ ಪಾತ್ರದ ದನಿಯಲ್ಲಿ ತಾವೇ ಮಾತಾಡುತ್ತಾ ಕಾರ್ಯದರ್ಶಿಯ ಕೈಲಿ ಬರೆಸುತ್ತಿದ್ದರು. ಯಾವ ಪಾತ್ರ ಎಲ್ಲಿ ಉಸಿರೆಳೆದುಕೊಳ್ಳಬೇಕು ಎಂಬುದೂ ಒಂದೇ ತಲೆಯಿಂದ ಬರುತ್ತಿತ್ತು. ಆದರೆ ‘ಪೇಂಟೆಡ್ ಡ್ರೀಮ್ಸ್’ ತನ್ನದೆಂದು ಅವರು ಹೂಡಿದ ದಾವೆ ಸೋತಿತು. ಹಕ್ಕು ರೇಡಿಯೊ ಕೇಂದ್ರದ ಪಾಲಾಯಿತು. ಪಾತ್ರವನ್ನು ಹುಟ್ಟಿಸಿದವರು ಅದರ ಒಡೆಯರಲ್ಲ ಎಂಬುದು ಮೊದಲ ಧಾರಾವಾಹಿಯಲ್ಲೇ ತೀರ್ಮಾನವಾಗಿಹೋಗಿತ್ತು. ಮುಂದೆ ಒಡೆತನ ಪ್ರಾಯೋಜಕರ ಕೈಗೆ ಹೋಯಿತು. ಅದರಲ್ಲಿ ಮುಂಚೂಣಿಯಲ್ಲಿದ್ದದ್ದು ಸಾಬೂನು ತಯಾರಿಸುವ ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್. ಆಮೇಲೆ ವಾಹಿನಿಗಳೂ ಆ ಸಾಲಿಗೆ ಸೇರಿದವು.

ಒಡೆತನ ಕೈಯಲ್ಲಿಲ್ಲದಿದ್ದರೂ ಮೊದಲ ತಲೆಮಾರಿನವರು ಬರವಣಿಗೆಯ ಮೇಲೆ ಹಿಡಿತ ಉಳಿಸಿಕೊಂಡಿದ್ದರು. ಫಿಲಿಪ್ಸ್ ಬಳಿ ಪಳಗಿದ ಆ್ಯಗ್ನೆಸ್ ನಿಕ್ಸನ್ 1962ರಲ್ಲಿ ‘ಗೈಡಿಂಗ್ ಲೈಟ್’ನಲ್ಲಿ ಬರ್ಟ್ ಬಾವರ್ ಎಂಬ ಗೃಹಿಣಿಗೆ ಗರ್ಭಕೋಶದ ಕ್ಯಾನ್ಸರ್ ಬರುವ ಕಥೆ ತಂದರು. ಹೆಂಗಸರು ಪರೀಕ್ಷೆ ಮಾಡಿಸಿಕೊಳ್ಳಲಿ ಎಂಬುದು ಅವರ ಉದ್ದೇಶ. ಕಥೆಗೆ ಒಪ್ಪಿಗೆ ಸಿಕ್ಕಿತು, ಆದರೆ ಕ್ಯಾನ್ಸರ್, ಗರ್ಭಕೋಶ ಎಂಬ ಪದಗಳು ಬಾಯಿಗೆ ಬರಕೂಡದೆಂಬ ಷರತ್ತಿನ ಮೇಲೆ. ನಿಕ್ಸನ್ ಆ ಪದಗಳಿಲ್ಲದೆಯೇ ಬರೆದರು. ಬರ್ಟ್ ಆಗಿದ್ದ ಶರೀಟಾ ಬಾವರ್ ರೇಡಿಯೊ ಕಾಲದಿಂದಲೂ ಅದೇ ಪಾತ್ರದಲ್ಲಿದ್ದವರು. ಹೇಳಬಾರದ್ದನ್ನು ಮುಖದಲ್ಲಿ ತೋರಿಸಬಲ್ಲ ನಟಿ ಇದ್ದಾರೆಂಬ ಭರವಸೆ ಇರುವವರಷ್ಟೇ ಹಾಗೆ ಬರೆಯಲು ಸಾಧ್ಯ. ಎರಡು ದಶಕದ ನಂತರ ಕಾಯಿಲೆಯಿಂದ ಶರೀಟಾ ಅವರ ಒಂದು ಕಾಲು ಕತ್ತರಿಸಬೇಕಾಗಿ ಬಂದಾಗ ಧಾರಾವಾಹಿ ಅವರನ್ನು ಮನೆಗೆ ಕಳಿಸಲಿಲ್ಲ. ಅದನ್ನೇ ಬರ್ಟ್‌ಳ ಕಥೆಯಾಗಿ ಬರೆದು ಅವರಿಂದಲೇ ಅಭಿನಯ ಮಾಡಿಸಿತು.

ದೊಡ್ಡ ತಿರುವು ಬಂದದ್ದು 1975ರ ಜನವರಿಯಲ್ಲಿ. ‘ಅನದರ್ ವರ್ಲ್ಡ್’ ಅರ್ಧ ಗಂಟೆಯಿಂದ ಒಂದು ಗಂಟೆಗೆ ಹಿಗ್ಗಿತು. ಜಾಹೀರಾತಿನ ಆದಾಯ ಕಂಡ ಉಳಿದ ಹಲವು ಧಾರಾವಾಹಿಗಳೂ ಅದೇ ದಾರಿ ಹಿಡಿದವು. ವಾರಕ್ಕೆ ಐದು ದಿನ, ದಿನಕ್ಕೊಂದು ಗಂಟೆ, ವರ್ಷವಿಡೀ: ಒಬ್ಬರ ಕೈಯಲ್ಲಿ ಆಗುವ ಮಾತಲ್ಲ. ಹೀಗಾಗಿ ಬರವಣಿಗೆ ಸರಪಳಿಯಾಯಿತು. ಹೆಡ್ ರೈಟರ್ ಮುಂದಿನ ಕೆಲವು ತಿಂಗಳ ಕಥೆಯ ಹಂದರ ಹಾಕುತ್ತಾರೆ. ವಾಹಿನಿಯವರೂ ನಿರ್ಮಾಪಕರೂ ಅದನ್ನು ತಿದ್ದುತ್ತಾರೆ. ಅದನ್ನು ದಿನದಿನದ ದೃಶ್ಯಗಳಾಗಿ ಒಡೆಯುವವರು ಬೇರೆ. ಸಂಭಾಷಣೆ ಬರೆಯುವವರು ಮತ್ತೂ ಬೇರೆ. ಸೋಮವಾರದ ಕಂತು ಒಬ್ಬರಿಗಾದರೆ ಮಂಗಳವಾರದ್ದು ಇನ್ನೊಬ್ಬರಿಗೆ. ಕೊನೆಗೆ ಎಲ್ಲವನ್ನೂ ಒಂದೇ ದನಿಗೆ ತರಬೇಕಾದವರು ಸ್ಕ್ರಿಪ್ಟ್ ಎಡಿಟರ್. ಅವರಿಗೆ ಸಿಗುವುದು ಬಹಳ ಕಡಿಮೆ ಸಮಯ.

ಇದನ್ನು ನಟಿಯ ಕಡೆಯಿಂದ ನೋಡಬೇಕು. ಮುಖ್ಯ ಕಥೆಯಲ್ಲಿದ್ದರೆ ಒಂದೇ ರಾತ್ರಿಯಲ್ಲಿ 30–40 ಪುಟ ಬಾಯಿಪಾಠ ಮಾಡಬೇಕು. ಸೋಮವಾರ ಮಾತು ಕಡಿಮೆಯಿದ್ದ ಹೆಂಗಸು ಮಂಗಳವಾರ ಪುಟಗಟ್ಟಲೆ ತನ್ನ ಮನಸ್ಸನ್ನು ತಾನೇ ವಿವರಿಸುತ್ತಾಳೆ. ಎಲ್ಲರೂ ಪ್ರತಿದಿನ ನೋಡುವುದಿಲ್ಲ ಎಂಬ ಲೆಕ್ಕಾಚಾರದಿಂದ ನಿನ್ನೆ ನಡೆದದ್ದನ್ನು ಇವತ್ತು ಮೂವರಿಗೆ ಮತ್ತೆ ಹೇಳಬೇಕು. ನಾಲ್ಕು ಸಲ ಹೇಳಿದ ಸುದ್ದಿಗೆ ಐದನೇ ಸಲವೂ ಹೊಸದಾಗಿ ಕಣ್ಣು ತುಂಬಿಕೊಳ್ಳಬೇಕು. ಈ ನಟರ ಬಗ್ಗೆ ನನಗೆ ಅಪಾರ ಗೌರವವಿರುವುದು ಇದಕ್ಕೇ. ರಂಗಭೂಮಿಯ ನಟನಿಗೆ ತಿಂಗಳ ತಾಲೀಮು ಇರುತ್ತದೆ, ಸಿನಿಮಾ ನಟನಿಗೆ ಹತ್ತು ಟೇಕ್. ಇವರಿಗೆ ಎರಡೂ ಇಲ್ಲ. ಬಿರುಕು ಬಿಟ್ಟ ಪಾತ್ರವನ್ನು ಪ್ರತಿದಿನ ಕ್ಯಾಮೆರಾ ಮುಂದೆಯೇ ಬೆಸೆಯುತ್ತಾರೆ.

ಇನ್ನು ಕರಾರು. ನಟರ ಒಪ್ಪಂದ ವರ್ಷಗಳದ್ದಾದರೂ ವಾಹಿನಿ ಹದಿಮೂರು ವಾರಕ್ಕೊಮ್ಮೆ ಅವರನ್ನು ಕೈಬಿಡಬಹುದು. ಇರುವಷ್ಟು ದಿನ ವಾರಕ್ಕೆ ಇಂತಿಷ್ಟು ಕಂತು ಖಾತರಿ. ಕಥೆ ಇಲ್ಲದ ಹಿರಿಯ ನಟರನ್ನು ಆ ಖಾತರಿಗಾಗಿ ಕರೆಸಿ, ಯಾವುದೋ ಸೋಫಾದ ಮೇಲೆ ಕೂರಿಸಿ, ಕಿರಿಯರ ಪ್ರೇಮಸಂಕಟ ಕೇಳಿಸುತ್ತಾರೆ. ತಲೆದೂಗುವುದೇ ಪಾತ್ರವಾಗಿಬಿಡುತ್ತದೆ.

ಗೆಲುವುಗಳಿಂದ ಕಲಿತ ತಪ್ಪು ಪಾಠಗಳೂ ಸೇರಿಕೊಂಡವು. 1978ರಲ್ಲಿ ಮುಳುಗುತ್ತಿದ್ದ ‘ಜನರಲ್ ಹಾಸ್ಪಿಟಲ್’ ಅನ್ನು ನಿರ್ಮಾಪಕಿ ಗ್ಲೋರಿಯಾ ಮಾಂಟಿ ವಹಿಸಿಕೊಂಡು ವೇಗ ತಂದರು. 1981ರ ನವೆಂಬರ್‌ನಲ್ಲಿ ಪ್ರಸಾರವಾದ ಲ್ಯೂಕ್–ಲಾರಾ ಮದುವೆಯನ್ನು ಸುಮಾರು 3 ಕೋಟಿ ಜನ ನೋಡಿದರು. ಅದೇ ವರ್ಷದ ಇನ್ನೊಂದು ಕಥೆಯಲ್ಲಿ ಖಳನೊಬ್ಬ ಹವಾಮಾನ ಬದಲಿಸುವ ಯಂತ್ರದಿಂದ ಜಗತ್ತನ್ನೇ ಹೆಪ್ಪುಗಟ್ಟಿಸಲು ಹೊರಟಿದ್ದ. ಲ್ಯೂಕ್, ಲಾರಾ ಆಗಿದ್ದ ಆ್ಯಂಟನಿ ಗಿಯರಿ, ಜೀನಿ ಫ್ರಾನ್ಸಿಸ್ ಎಂಬ ಇಬ್ಬರು ನಟರ ನಡುವಿನ ಜೀವಂತಿಕೆಗೆ ಜನ ಬಂದಿದ್ದರೆಂದು ನನ್ನ ನಂಬಿಕೆ. ಉದ್ಯಮ ಮಾತ್ರ ಜನ ಬಂದದ್ದು ಯಂತ್ರಕ್ಕೂ ಅದ್ದೂರಿ ಮದುವೆಗೂ ಎಂದುಕೊಂಡಿತು.

ಆ ಜೋಡಿಯ ಬುಡದಲ್ಲಿ ಒಂದು ಕ್ರೂರ ಸಂಗತಿಯೂ ಇತ್ತು. 1979ರಲ್ಲಿ ಲ್ಯೂಕ್ ಲಾರಾ ಮೇಲೆ ಅತ್ಯಾಚಾರ ಮಾಡಿದ್ದ. ಜೋಡಿ ಜನಪ್ರಿಯವಾದ ಮೇಲೆ ಬರವಣಿಗೆ ಅದನ್ನು ಪ್ರಣಯವೆಂದು ತೇಲಿಸಿಬಿಟ್ಟಿತು. ಆಗ ಹದಿಹರೆಯದಲ್ಲಿದ್ದ ಜೀನಿ ಫ್ರಾನ್ಸಿಸ್ ಅದನ್ನೂ ನಂಬಿಸುವಂತೆ ಅಭಿನಯಿಸಬೇಕಿತ್ತು. 1998ರಲ್ಲಿ ಮಗ ಲಕ್ಕಿಗೆ ಸತ್ಯ ಗೊತ್ತಾಗುವ ಕಥೆ ಬಂದಾಗಲಷ್ಟೇ ಆ ಹಳೆಯ ಗಾಯಕ್ಕೆ ಅದರ ಹೆಸರು ಸಿಕ್ಕಿತು. ಎರಡು ದಶಕ ಇಬ್ಬರೂ ಒಳಗೆ ಹೊತ್ತಿದ್ದ ಭಾರವೆಲ್ಲ ಆ ದೃಶ್ಯಗಳಲ್ಲಿ ಹೊರಬಂತು.

ಒಂದು ಗಂಟೆಯ ಧಾರಾವಾಹಿಯಲ್ಲಿ ಒಳ್ಳೆಯ ಬರವಣಿಗೆ ಸಾಧ್ಯವೇ ಇಲ್ಲವೆಂದಲ್ಲ. ಡಗ್ಲಸ್ ಮಾರ್ಲಂಡ್ 1985ರಿಂದ 1993ರಲ್ಲಿ ತೀರಿಕೊಳ್ಳುವವರೆಗೆ ‘ಆ್ಯಸ್ ದ ವರ್ಲ್ಡ್ ಟರ್ನ್ಸ್’ ಬರೆದರು. ಧಾರಾವಾಹಿಯನ್ನು ಹಾಳುಮಾಡದಿರಲು ಏನು ಮಾಡಬೇಕೆಂದು ಅವರು ಮಾಡಿದ ಪಟ್ಟಿ ಇಂದಿಗೂ ಪ್ರಸಿದ್ಧ. ಹೊಸದಾಗಿ ಬಂದ ಬರಹಗಾರ ಮೊದಲು ಧಾರಾವಾಹಿಯನ್ನು ಕೂತು ನೋಡಬೇಕು, ಅದರ ಇತಿಹಾಸ ಕಲಿಯಬೇಕು, ಮುಖ್ಯ ಪಾತ್ರಗಳ ಮೂಲಗುಣ ಬದಲಿಸಬಾರದು, ಹೊಸ ಪಾತ್ರಗಳನ್ನು ನಿಧಾನವಾಗಿ ಬೆಳೆಸಬೇಕು. ಇಷ್ಟು ಸರಳ ವಿಷಯಗಳನ್ನು ಬರೆದು ಹೇಳಬೇಕಾಯಿತು ಎಂದರೆ ಉಳಿದ ಕಡೆ ಏನು ನಡೆಯುತ್ತಿತ್ತೆಂದು ಊಹಿಸಬಹುದು. ಮಾರ್ಲಂಡ್ ಕಾಲದಲ್ಲೇ ಜೂಲಿಯಾನ್ ಮೂರ್ ಎಂಬ ತರುಣಿ ಅಲ್ಲಿ ಇಬ್ಬರು ಸೋದರಿಯರ ದ್ವಿಪಾತ್ರ ಮಾಡಿ 1988ರ ಡೇಟೈಮ್ ಎಮ್ಮಿ ಪ್ರಶಸ್ತಿ ಗೆದ್ದರು.

ಇನ್ನೊಬ್ಬರು ಕ್ಲೇರ್ ಲಬೀನ್. 1994ರಲ್ಲಿ ‘ಜನರಲ್ ಹಾಸ್ಪಿಟಲ್’ಗೆ ಅವರು ಬರೆದ ಕಥೆ ಇದು: ಶಾಲಾ ಬಸ್ ಅಪಘಾತದಲ್ಲಿ ಬಿ.ಜೆ. ಎಂಬ ಹುಡುಗಿಯ ಮಿದುಳು ನಿಷ್ಕ್ರಿಯವಾಗುತ್ತದೆ. ಅವಳ ಚಿಕ್ಕಪ್ಪನ ಮಗಳು ಮ್ಯಾಕ್ಸಿ ಅದೇ ಆಸ್ಪತ್ರೆಯಲ್ಲಿ ಹೃದಯಕ್ಕಾಗಿ ಕಾಯುತ್ತಿದ್ದಾಳೆ. ಬಿ.ಜೆ.ಯ ಹೃದಯ ಮ್ಯಾಕ್ಸಿಗೆ ಸಲ್ಲುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಬಿ.ಜೆ.ಯ ಅಪ್ಪ ಡಾ. ಟೋನಿ ಮ್ಯಾಕ್ಸಿಯ ಹಾಸಿಗೆ ಬಳಿ ಬಂದು, ಮೆಲ್ಲಗೆ ಬಾಗಿ ಆ ಮಗುವಿನ ಎದೆಗೆ ತಲೆ ಇಡುತ್ತಾನೆ. ತೀರಿಹೋದ ಮಗಳ ಎದೆಬಡಿತ ಕೇಳಿಸಿಕೊಳ್ಳುತ್ತಾನೆ. ವಿವರಿಸುವ ಮಾತೇ ಬೇಕಾಗುವುದಿಲ್ಲ. ಬ್ರ್ಯಾಡ್ ಮೌಲ್ ಆ ಪಾತ್ರದಲ್ಲಿ ಅದಾಗಲೇ ದಶಕ ಕಳೆದಿದ್ದರು; ನೋಡುಗರಿಗೆ ಆ ಮನೆಯ ಒಬ್ಬೊಬ್ಬರೂ ಗೊತ್ತಿದ್ದರು. ಎರಡು ಗಂಟೆಯ ಸಿನಿಮಾಕ್ಕೆ ಇಂಥ ದೃಶ್ಯ ಎಟುಕುವುದಿಲ್ಲ, ಅದಕ್ಕೆ ವರ್ಷಗಳು ಬೇಕು. ಧಾರಾವಾಹಿ ಎಂಬ ಪ್ರಕಾರಕ್ಕಿರುವ ನಿಜವಾದ ಸಂಪತ್ತು ಅದು. ಅಲ್ಲಿ ಲಬೀನ್ ಉಳಿದದ್ದು 1996ರವರೆಗೆ ಮಾತ್ರ.

ಅದೇ ಹೊತ್ತಿಗೆ ‘ಡೇಸ್ ಆಫ್ ಅವರ್ ಲೈವ್ಸ್’ನಲ್ಲಿ ಜೇಮ್ಸ್ ರೈಲಿ ಮಾರ್ಲೀನಾ ಎಂಬ ಮನೋವೈದ್ಯೆಗೆ ಸೈತಾನ ಹಿಡಿಯುವ ಕಥೆ ಬರೆದರು. ಡೀಡ್ರಾ ಹಾಲ್ ಅದನ್ನು ಪೂರಾ ಮನಸ್ಸಿಟ್ಟು ಅಭಿನಯಿಸಿದರು, ರೇಟಿಂಗ್ ಏರಿತು. 1995ರಲ್ಲಿ ಕೊಲೆ ಆರೋಪ ಹೊತ್ತ ಮಾಜಿ ಫುಟ್‌ಬಾಲ್ ಆಟಗಾರ ಒ. ಜೆ. ಸಿಂಪ್ಸನ್ ವಿಚಾರಣೆಯ ನೇರಪ್ರಸಾರ ತಿಂಗಳುಗಟ್ಟಲೆ ಮಧ್ಯಾಹ್ನದ ಧಾರಾವಾಹಿಗಳನ್ನು ಅಡ್ಡಗಟ್ಟಿತು. ಬಿಟ್ಟುಹೋದ ನೋಡುಗರಲ್ಲಿ ಹಲವರು ಮರಳಲಿಲ್ಲ. ಗಾಬರಿಬಿದ್ದ ವಾಹಿನಿಗಳು ಬೆರಗಿನ ಕಥೆಗಳ ಬೆನ್ನುಹತ್ತಿದವು. 1998ರಲ್ಲಿ ‘ಗೈಡಿಂಗ್ ಲೈಟ್’ ತನ್ನ ನಾಯಕಿ ರೀವಾಳ ತದ್ರೂಪಿಯನ್ನು ಪ್ರಯೋಗಾಲಯದಲ್ಲಿ ಸೃಷ್ಟಿಸಿತು. ರೀವಾ ಆಗಿದ್ದ ಕಿಮ್ ಝಿಮ್ಮರ್ ಅದಾಗಲೇ ಮೂರು ಡೇಟೈಮ್ ಎಮ್ಮಿ ಗೆದ್ದಿದ್ದ ನಟಿ. ಆಕೆ ತದ್ರೂಪಿಯನ್ನೂ ಮನುಷ್ಯಳನ್ನಾಗಿಸಲು ಹೆಣಗಿದ್ದನ್ನು ನೋಡುವಾಗ ಹೊಟ್ಟೆ ಉರಿಯುತ್ತದೆ.

ಹಣ ಕಡಿಮೆಯಾದಂತೆ ಕತ್ತರಿ ಮೊದಲು ಬಿದ್ದದ್ದು ಹೆಚ್ಚು ಸಂಬಳದ ಹಿರಿಯರ ಮೇಲೆ. 2007ರಲ್ಲಿ ‘ಜನರಲ್ ಹಾಸ್ಪಿಟಲ್’ ಮೂರು ದಶಕದ ಪಾತ್ರವಾದ ಡಾ. ಅಲನ್ ಕ್ವಾರ್ಟರ್‌ಮೇನ್‌ನನ್ನು ಸಾಯಿಸಿತು. ಆಮೇಲೆ ನಟ ಸ್ಟುವರ್ಟ್ ಡೇಮನ್ ಅವರನ್ನು ದೆವ್ವವಾಗಿ ಮತ್ತೆ ಕರೆಸಿತು. 2008ರಲ್ಲಿ ‘ಗೈಡಿಂಗ್ ಲೈಟ್’ ಕೈಯಲ್ಲಿ ಹಿಡಿಯುವ ಸಣ್ಣ ಕ್ಯಾಮೆರಾಗಳಿಗೆ ಇಳಿಯಿತು. ರೇಡಿಯೊದಲ್ಲಿ 1937ರಲ್ಲಿ ಹುಟ್ಟಿದ ಆ ಕಥೆ 2009ರ ಸೆಪ್ಟೆಂಬರ್ 18ಕ್ಕೆ ನಿಂತಿತು. ಮರುವರ್ಷ ‘ಆ್ಯಸ್ ದ ವರ್ಲ್ಡ್ ಟರ್ನ್ಸ್’, 2011ರಲ್ಲಿ ‘ಆಲ್ ಮೈ ಚಿಲ್ಡ್ರನ್’.

ಉಳಿದವುಗಳ ಕೆಲಸದ ವೇಗ ಇನ್ನೂ ಹೆಚ್ಚಿದೆ. ಒಂದೇ ದಿನದಲ್ಲಿ ಒಂದಕ್ಕಿಂತ ಹೆಚ್ಚು ಕಂತುಗಳ ದೃಶ್ಯಗಳು, ಹೆಚ್ಚಿನವು ಒಂದೇ ಟೇಕ್‌ನಲ್ಲಿ. 2022ರಲ್ಲಿ ಪೀಕಾಕ್ ಎಂಬ ಒಟಿಟಿಗೆ ಸ್ಥಳಾಂತರವಾದ ‘ಡೇಸ್ ಆಫ್ ಅವರ್ ಲೈವ್ಸ್’ ತಿಂಗಳುಗಟ್ಟಲೆ ಮುಂಚಿತವಾಗಿ ಚಿತ್ರೀಕರಣ ಮುಗಿಸಿಟ್ಟಿರುತ್ತದೆ. ಒಂದು ಕಥೆ ದಾರಿ ತಪ್ಪಿದೆಯೆಂದು ನೋಡುಗರು ಹೇಳುವ ಹೊತ್ತಿಗೆ ಅದರ ಮುಂದಿನ ಎಷ್ಟೋ ವಾರಗಳು ರೆಕಾರ್ಡ್ ಆಗಿಹೋಗಿರುತ್ತವೆ. ಸೆಟ್ಟಿನಲ್ಲೇ ಅದು ಗೊತ್ತಾಗಿದ್ದ ನಟರನ್ನು ಆಗ ಕೇಳಿದ್ದರೆ ಬರಹಗಾರರಿಗೆ ತಿದ್ದಿಕೊಳ್ಳಲು ಸಮಯವಿರುತ್ತಿತ್ತು.