ಗ್ರಿಪ್ ಇದ್ದರೂ ಟೈರ್ ಮುದಿಯಾಗಿರಬಹುದು

ಕಾರು ತಗೊಂಡು ಒಂಬತ್ತು ವರ್ಷ. ಓಡಿದ್ದು 28 ಸಾವಿರ ಕಿಲೋಮೀಟರ್ ಮಾತ್ರ. ಟೈರ್ ನೋಡಿದರೆ ಗ್ರಿಪ್ ಚೆನ್ನಾಗಿದೆ. "ಇನ್ನೂ ಎರಡು ವರ್ಷ ಆರಾಮಾಗಿ ಬರುತ್ತೆ ಬಿಡಿ" ಅನ್ನುವವರೇ ಜಾಸ್ತಿ. ಆ ಟೈರ್ ನಂಬಿಕೊಂಡು ಹೆದ್ದಾರಿಗೆ ಇಳಿಯಬೇಡಿ.

ರಬ್ಬರ್ ಓಡಿದರೆ ಸವೆಯುತ್ತದೆ, ನಿಂತರೂ ಹಾಳಾಗುತ್ತದೆ. ಗಾಳಿಯಲ್ಲಿರುವ ಆಮ್ಲಜನಕ ಅದನ್ನು ನಿಧಾನವಾಗಿ ಗಡುಸು ಮಾಡುತ್ತಾ ಹೋಗುತ್ತದೆ. ನಾವು ತುಂಬಿಸಿದ ಗಾಳಿ ಒಳಗಿನಿಂದ ಒತ್ತುತ್ತಲೇ ಇರುತ್ತದೆ ಅಲ್ವಾ? ಅದು ಕಣ್ಣಿಗೆ ಕಾಣದಷ್ಟು ನಿಧಾನವಾಗಿ ರಬ್ಬರನ್ನು ಹಾದು ಹೊರಬರುತ್ತದೆ. ಉಕ್ಕಿನ ತಂತಿಯ ಪದರಗಳನ್ನು ಹಿಡಿದಿಟ್ಟಿರುವ ರಬ್ಬರ್ ಈ ದಾರಿಯಲ್ಲೇ ಇದೆ. ಅದು ಗಡುಸಾದರೆ ಹಿಡಿತ ಸಡಿಲವಾಗುತ್ತದೆ. ಒಂದು ದಿನ ಹೆದ್ದಾರಿಯ ವೇಗಕ್ಕೆ ಟೈರ್ ಕಾದಾಗ ಪದರಗಳು ಬಿಟ್ಟುಕೊಂಡು ಟೈರ್ ಸಿಡಿಯಬಹುದು. ಬಿಸಿ ಹೆಚ್ಚಾದಷ್ಟೂ ಈ ಕೆಲಸ ಚುರುಕು. ಹಾಗಾಗಿ ಕಲಬುರಗಿ, ರಾಯಚೂರಿನ ಬಿಸಿಲಲ್ಲಿ ನಿಲ್ಲುವ ಕಾರಿನ ಟೈರ್ ಮಡಿಕೇರಿಯ ಟೈರಿಗಿಂತ ಬೇಗ ಮುದಿಯಾಗುತ್ತದೆ.

ಬಿರುಕು ತಡೆಯಲು ಕಂಪನಿಗಳು ರಬ್ಬರಿಗೆ ಮೇಣವನ್ನೂ ರಬ್ಬರನ್ನು ಬಿರುಕು ಬಿಡಿಸುವ ಓಝೋನ್ ಅನಿಲವನ್ನು ತಡೆಯುವ ರಾಸಾಯನಿಕವನ್ನೂ ಬೆರೆಸುತ್ತವೆ. ಟೈರ್ ಉರುಳಿ ಬಳುಕಿದಾಗ ಅವು ಮೇಲಕ್ಕೆ ಬರುತ್ತವೆ. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಇದು ಸರಿಯಾಗಿ ನಡೆಯುವುದಿಲ್ಲ. ಟೈರಿನ ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು ಕಾಣುವುದು ಅದಕ್ಕೇ.

ವಯಸ್ಸು ಟೈರ್ ಮೇಲೆಯೇ ಬರೆದಿರುತ್ತದೆ. ಪಕ್ಕದಲ್ಲಿ 'ಡಿಒಟಿ' ಎಂಬ ಇಂಗ್ಲಿಷ್ ಅಕ್ಷರಗಳನ್ನು ಹುಡುಕಿ, ಆ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 3219 ಅಂತಿದ್ದರೆ 2019ರ 32ನೇ ವಾರ, ಅಂದರೆ ಆಗಸ್ಟ್. ಹೊರಗಡೆ ಕಾಣದಿದ್ದರೆ ಒಳಬದಿಯಲ್ಲಿರುತ್ತದೆ. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಿ. ಹತ್ತು ವರ್ಷಕ್ಕಂತೂ ಬದಲಿಸಲೇಬೇಕು. ನಮ್ಮ ಬಿಸಿಲಿಗೆ ಆರು ವರ್ಷವೇ ಸಾಕು ಅಂತ ನನಗನ್ನಿಸುತ್ತದೆ. ಡಿಕ್ಕಿಯಲ್ಲಿರುವ ಸ್ಟೆಪ್ನಿಗೂ ಇದೇ ಲೆಕ್ಕ. ಅಚ್ಚಿನಲ್ಲಿ ಮೂಡಿದ ರಬ್ಬರ್ ಕೂದಲು ಇನ್ನೂ ಉದುರದೆ ಹೊಸದರಂತೆ ಕಂಡರೂ ಅದರ ವಯಸ್ಸೂ ಅಷ್ಟೇ ಆಗಿರುತ್ತದೆ.

ಇನ್ನು ಸವೆತ. ಗ್ರಿಪ್ಪಿನ ಕಾಲುವೆಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಬ್ಬಗಳಿರುತ್ತವೆ. ಗ್ರಿಪ್ ಸವೆದು ಆ ದಿಬ್ಬದ ಮಟ್ಟಕ್ಕೆ ಬಂದರೆ ಉಳಿದದ್ದು 1.6 ಮಿಲಿಮೀಟರ್. ಕಾನೂನಿನ ಮಿತಿಯೂ ಅಷ್ಟೇ. ಆದರೆ ಮಳೆಗೆ ಅದು ಸಾಲದು. 185 ಮಿಲಿಮೀಟರ್ ಅಗಲದ ಟೈರ್ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ 3 ಮಿಲಿಮೀಟರ್ ನೀರಿನ ಮೇಲೆ ಹೋಗುತ್ತಿದೆ ಅಂದುಕೊಳ್ಳಿ. ಒಂದೊಂದು ಸೆಕೆಂಡಿಗೆ ಸುಮಾರು 12 ಲೀಟರ್ ನೀರು ಅದರ ದಾರಿಗೆ ಅಡ್ಡ ಬರುತ್ತದೆ! ಆ ನೀರು ಪಕ್ಕಕ್ಕೆ ಸರಿಯಬೇಕು, ಇಲ್ಲವೇ ಕಾಲುವೆಗಳೊಳಗೆ ಹೋಗಬೇಕು. ಜಾಗ ಸಾಲದಿದ್ದರೆ ಟೈರ್ ನೀರಿನ ಮೇಲೆ ತೇಲುತ್ತದೆ, ಸ್ಟೀರಿಂಗ್ ತಿರುಗಿಸಿದರೂ ಕಾರು ಕೇಳುವುದಿಲ್ಲ. 3 ಮಿಲಿಮೀಟರ್‌ಗೆ ಇಳಿದ ಟೈರನ್ನು ಮುಂಗಾರಿಗೆ ಮೊದಲೇ ತೆಗೆಸಿಬಿಡುವುದು ಒಳ್ಳೆಯದು. ಗುಂಡಿಗೆ ಬಿದ್ದು ಪಕ್ಕದಲ್ಲಿ ಉಬ್ಬು ಬಂದಿದ್ದರೆ ಒಳಗಿನ ದಾರ ತುಂಡಾಗಿದೆ ಅಂತ ಅರ್ಥ. ಅದಕ್ಕೆ ರಿಪೇರಿ ಇಲ್ಲ.

ನಾಲ್ಕೂ ಒಟ್ಟಿಗೆ ಬದಲಿಸಲು ದುಡ್ಡು ಹೊಂದದಿದ್ದರೆ ಎರಡು ಹಾಕಿಸುತ್ತೇವೆ. ಆಗ ಹೊಸವನ್ನು ಮುಂದೆ ಹಾಕುವುದು ಅನೇಕ ಅಂಗಡಿಗಳ ರೂಢಿ. ಹೆಚ್ಚಿನ ಕಾರುಗಳಲ್ಲಿ ಎಂಜಿನ್ ತಿರುಗಿಸುವುದು ಮುಂದಿನ ಚಕ್ರವನ್ನು, ಸವೆಯುವುದೂ ಅದೇ, ಹಾಗಾಗಿ ಇದೇ ಸರಿ ಅನ್ನಿಸುತ್ತದೆ. ಆದರೆ ಹೊಸವು ಹಿಂದೆಯೇ ಇರಬೇಕು. ಒದ್ದೆ ತಿರುವಿನಲ್ಲಿ ಮುಂದಿನ ಚಕ್ರ ಜಾರಿದರೆ ಕಾರು ತಿರುಗದೆ ನೇರ ಹೋಗುತ್ತದೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಸಾಮಾನ್ಯವಾಗಿ ಹಿಡಿತ ಮರಳುತ್ತದೆ. ಹಿಂದಿನದು ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ. ಅದನ್ನು ಹತೋಟಿಗೆ ತರುವುದು ನುರಿತವರಿಗೂ ಕಷ್ಟ. ಅಂಗಡಿಯವರು ಬೇಡ ಅಂದರೂ ಈ ವಿಷಯದಲ್ಲಿ ಪಟ್ಟು ಬಿಡಬೇಡಿ.

ಟೈರ್ ಕೂರಿಸುವ ಮೊದಲೇ ಆ ನಾಲ್ಕು ಅಂಕಿ ನೋಡಿಕೊಳ್ಳಿ, ಹಳೇ ಸ್ಟಾಕ್ ಬೇಡ ಅನ್ನಿ. ರಬ್ಬರ್ ವಾಲ್ವನ್ನೂ ಹೊಸದು ಹಾಕಿಸಿ, ಬ್ಯಾಲೆನ್ಸಿಂಗ್ ಮಾಡಿಸಿ. ಅಚ್ಚಿನಿಂದ ಬಂದ ನುಣುಪು ಹೋಗುವವರೆಗೆ, ಮೊದಲ 200–300 ಕಿಲೋಮೀಟರ್ ಜೋರಾಗಿ ಓಡಿಸಬೇಡಿ. ನೂರು ಕಿಲೋಮೀಟರ್ ಆಗುವಷ್ಟರಲ್ಲಿ ಒಮ್ಮೆ ಹೋಗಿ ನಟ್‌ಗಳ ಬಿಗಿ ಪರೀಕ್ಷೆ ಮಾಡಿಸಿಕೊಂಡು ಬನ್ನಿ.