ಲಾಟ್: ಒಂದು ನಂಬರಿಗೆ ಎಷ್ಟು ಬಸವನಹುಳು?

ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಒಯ್ದವರಿಗೆ ‘ಲಾಟ್’ ಎಂದರೆ ಬಿಡಿಸಿ ಹೇಳಬೇಕಿಲ್ಲ. ರೈತ ತಂದ ಒಂದೇ ತರದ ಕಾಯಿ ದಲಾಲಿ ಅಂಗಡಿಯಲ್ಲಿ ಒಂದು ಕಡೆ ಕೂರುತ್ತದೆ, ಅದಕ್ಕೊಂದು ನಂಬರು ಬೀಳುತ್ತದೆ. ಚೀಲ ಎಷ್ಟೇ ಇರಲಿ, ಟೆಂಡರ್ ಆಗುವುದು ಆ ನಂಬರಿಗೆ. ಮ್ಯೂಸಿಯಂಗಳ ಚಿಪ್ಪಿನ ಕಪಾಟಿನಲ್ಲೂ ಇದೇ ಪದ ಓಡಾಡುತ್ತದೆ, ಅರ್ಥವೂ ಹೆಚ್ಚುಕಡಿಮೆ ಇದೇ. ಒಂದೇ ಜಾಗದಲ್ಲಿ ಒಂದೇ ಸಲ ಹೆಕ್ಕಿದ ಒಂದೇ ಜಾತಿಯ ಬಸವನಹುಳುಗಳೆಲ್ಲ ಸೇರಿ ಒಂದು ಲಾಟ್. ಅಷ್ಟಕ್ಕೂ ಒಂದೇ ನಂಬರು, ಒಂದೇ ಚೀಟಿ.

ಉಣಕಲ್ ಕೆರೆಯ ದಂಡೆಯಲ್ಲಿ ನಿಮಗೆ 40 ಇಂಡೋಪ್ಲಾನಾರ್ಬಿಸ್ ಎಕ್ಸಸ್ಟಸ್ ಸಿಕ್ಕವು ಎಂದಿಟ್ಟುಕೊಳ್ಳಿ. ಟಗರಿನ ಕೊಂಬಿನಂತೆ ಚಪ್ಪಟೆಯಾಗಿ ಸುತ್ತಿಕೊಂಡ ಸಿಹಿನೀರಿನ ಹುಳು ಅದು. (ದನಗಳ ಮೂಗು ಸೇರಿ ಗೊರಕೆ ಹಿಡಿಸುವ ಪರಾವಲಂಬಿ ಮೊದಲು ಬೆಳೆಯುವುದು ಇದರ ಮೈಯೊಳಗೆ, ಪಶುವೈದ್ಯರಿಗೂ ಇದರ ಮೇಲೆ ಕಣ್ಣು.) ದಾಖಲೆಯಲ್ಲಿ ಅವಕ್ಕೆಲ್ಲ ಸಿಗುವುದು ಒಂದೇ ಸಾಲು; 40 ಎಂಬುದು ಪಕ್ಕದ ಕಾಲಮ್ಮಿನಲ್ಲಿರುತ್ತದೆ. ಮುಂದಿನ ತಿಂಗಳು ಹೋಗಿ ಒಂದೇ ಒಂದು ತಂದರೂ ಅದಕ್ಕೊಂದು ಸಾಲು. ಆನ್‌ಲೈನ್ ಪಟ್ಟಿಯ ಸಾಲು ಎಣಿಸಿ ‘ಇಷ್ಟು ಹುಳು ಇವೆ’ ಎನ್ನುವುದು, ಲಾಟ್ ಎಣಿಸಿ ಚೀಲದ ಲೆಕ್ಕ ಒಪ್ಪಿಸಿದ ಹಾಗೆ.

ಡಬ್ಬಿ ತಳಿಯ ಮೆಣಸಿನಕಾಯಿಯಲ್ಲಿ ಕಡ್ಡಿ ತಳಿಯದು ಬೆರೆತಂತೆ ಇಲ್ಲೂ ಬೆರಕೆ ಆಗುವುದುಂಟು. ಪರಿಣತರು ನೋಡಿ ಎರಡು ಜಾತಿ ಎಂದರೆ ಲಾಟ್ ಒಡೆದು ಬೇರೆ ಮಾಡುತ್ತಾರೆ.

ನನಗೆ ಚಿಪ್ಪಿಗಿಂತ ರುಚಿ ಹತ್ತಿಸುವುದು ಚೀಟಿ. ಈ ಹುಳುವಿಗೆ 1834ರಲ್ಲಿ ಫ್ರೆಂಚ್ ವಿಜ್ಞಾನಿ ದೆಶಾಯ್ ಇಟ್ಟ ಹೆಸರು ಪ್ಲಾನಾರ್ಬಿಸ್ ಎಕ್ಸಸ್ಟಸ್. ಇಂಡೋಪ್ಲಾನಾರ್ಬಿಸ್ ಎಂಬ ಕುಲದ ಹೆಸರು ಬಂದದ್ದು 1921ರಲ್ಲಿ, ಪ್ರಾಣಿವಿಜ್ಞಾನಿಗಳಾದ ಅನ್ನಾಂಡೇಲ್ ಮತ್ತು ಪ್ರಶಾದ್ ಅವರಿಂದ. ಹೆಸರು ಬದಲಾಯಿತೆಂದು ಹಳೆ ಚೀಟಿ ಹರಿಯುವುದಿಲ್ಲ. ಹೊಸದನ್ನು ಅದರ ಜೊತೆಗೇ ಇಡುತ್ತಾರೆ.

ಊರಿನ ಹೆಸರಿನದು ಇನ್ನೂ ಗೋಜಲು. ಗದಗ, ಹಾವೇರಿ ಪ್ರತ್ಯೇಕ ಜಿಲ್ಲೆಗಳಾದದ್ದು 1997ರಲ್ಲಿ. ಅದಕ್ಕೂ ಹಿಂದಿನ ಚೀಟಿಯಲ್ಲಿ ಬರೀ ‘ಧಾರವಾಡ ಜಿಲ್ಲೆ’ ಎಂದಿದ್ದರೆ ಹುಳು ಕೆಲಗೇರಿ ಕೆರೆಯದೂ ಇರಬಹುದು, ರಾಣೆಬೆನ್ನೂರಿನ ಕಡೆಯ ತುಂಗಭದ್ರೆಯದೂ ಇರಬಹುದು. ಅದಕ್ಕೇ ಚೀಟಿಯ ಮಾತನ್ನು ಕಾಗುಣಿತದ ತಪ್ಪಿನ ಸಮೇತ ಒಂದು ಖಾನೆಯಲ್ಲಿ ಇದ್ದಂತೆಯೇ ಇಳಿಸಿಕೊಂಡು, ಇಂದಿನ ಜಿಲ್ಲೆ ಯಾವುದೆಂಬ ಊಹೆಗೆ ಬೇರೆ ಖಾನೆ ಇಡುತ್ತಾರೆ.